ಪ್ರಾರ್ಥನಾ ಸಭೆಯ ಏಳೆಂಟು ನಿಮಿಷ: ಕೊನೆಯ ಸಾಲಿನವರೂ ಕೇಳುವಂತೆ ಮಾತಾಡುವುದು ಹೇಗೆ?

ಭೀಮಾತೀರದ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ್ರಿ. ಚಿತ್ತಾಪುರ ತಾಲೂಕಿನ ಸರ್ಕಾರಿ ಶಾಲೆ ನಮ್ಮದು. ಪ್ರಾಥಮಿಕ, ಪ್ರೌಢ ಎರಡೂ ಒಂದೇ ಆವರಣದಲ್ಲಿವೆ. ಹಾಗಾಗಿ ಒಂದನೇ ತರಗತಿಯಿಂದ ಹತ್ತರವರೆಗೆ ಸುಮಾರು 340 ಮಕ್ಕಳು ಒಟ್ಟಿಗೆ ಪ್ರಾರ್ಥನೆಗೆ ನಿಲ್ಲುತ್ತಾರೆ. ಇನ್ನು ಮುಂದೆ ಪ್ರತಿ ಗುರುವಾರ ನಾಡಗೀತೆ, ಸಂವಿಧಾನ ಪೀಠಿಕೆ, ಸುದ್ದಿ ವಾಚನ ಮುಗಿದ ಮೇಲೆ ಒಬ್ಬರು ಶಿಕ್ಷಕರು ಒಂದು ವಿಷಯದ ಬಗ್ಗೆ ಮಾತಾಡಬೇಕು ಎಂದು ಮುಖ್ಯಗುರುಗಳು ಗೊತ್ತು ಮಾಡಿದ್ದಾರೆ. ಪಾಳಿ ಹಂಚುವುದು, ವಿಷಯ ಆರಿಸುವುದು ನನ್ನ ಜವಾಬ್ದಾರಿ.

ನಿಲ್ಲುವ ವ್ಯವಸ್ಥೆ ಹೀಗಿದೆ: ಪ್ರತಿ ತರಗತಿಗೆ ಎರಡು ಉದ್ದ ಸಾಲು, ಹುಡುಗರದೊಂದು, ಹುಡುಗಿಯರದೊಂದು. ಧ್ವಜಕಟ್ಟೆ ಪೂರ್ವಕ್ಕಿದೆ, ಮಕ್ಕಳ ಮುಖಕ್ಕೆ ನೇರ ಬಿಸಿಲು. ಒಂದನೇ ತರಗತಿ ದಕ್ಷಿಣದ ತುದಿಗೆ, ಹತ್ತನೇ ತರಗತಿ ಉತ್ತರದ ತುದಿಗೆ ನಿಲ್ಲುತ್ತದೆ. ಮಕ್ಕಳ ಬೆನ್ನ ಹಿಂದೆ ಹೊಸ ಕೊಠಡಿಗಳ ಉದ್ದನೆಯ ಗೋಡೆ, ಉತ್ತರಕ್ಕೆ ಆಟದ ಬಯಲು. ಗಾಲಿ ಇರುವ ಸ್ಪೀಕರ್ ಬಾಕ್ಸ್ ಒಂದು, ಕಂಬಕ್ಕೆ ಕಟ್ಟಿದ ಭೋಂಗಾ ಒಂದು, ಕಾರ್ಡ್‌ಲೆಸ್ ಮೈಕ್ ಒಂದು ಇವೆ. ಮೈಕ್ ಆಗಾಗ ಕುಂಯ್ ಎಂದು ಕೂಗುತ್ತದೆ.

ಮೊದಲ ನಿಮಿಷ ಎಲ್ಲರೂ ಕೇಳುತ್ತಾರೆ. ಎರಡನೇ ನಿಮಿಷಕ್ಕೆ ಸಣ್ಣವರು ಕಾಲಿನಿಂದ ಮಣ್ಣಲ್ಲಿ ಗೆರೆ ಎಳೆಯಲು ಶುರು ಮಾಡುತ್ತಾರೆ, ದೊಡ್ಡವರು ತಮ್ಮ ತಮ್ಮಲ್ಲೇ ಮಾತಿಗಿಳಿಯುತ್ತಾರೆ. ಮನೆಮಾತು ಕನ್ನಡ, ಲಂಬಾಣಿ, ಉರ್ದು, ಕೆಲವರದು ತೆಲುಗು. ಎಷ್ಟು ಹೊತ್ತು ಮಾತಾಡುವುದು ಸರಿ? ಒಂದನೇ ತರಗತಿಗೂ ಹತ್ತನೇ ತರಗತಿಗೂ ಒಂದೇ ಮಾತು ಹೇಗೆ ಹಿಡಿಸುತ್ತದೆ? ಭಾಷಣ ಸ್ಪರ್ಧೆಯ ಸಲಹೆ ಬೇಡ, ಬಯಲಿನಲ್ಲಿ ನಿಂತ ಮಕ್ಕಳ ಮುಂದೆ ನಡೆಯುವಂಥದ್ದು ಬೇಕು.

ಬೀದರ್ ಧ್ವನಿ

ಟೀಚರ್, ವಿಷಯಕ್ಕಿಂತ ಮೊದಲು ಜಾಗ ಮತ್ತು ಸದ್ದು ಸರಿ ಮಾಡಿಕೊಳ್ಳಿ. ಕಣ್ಣಿಗೆ ಬಿಸಿಲು ಬಿದ್ದ ಮಗು ನಿಮ್ಮನ್ನು ನೋಡುವುದಿಲ್ಲ, ನೋಡದ ಮಗು ಹೆಚ್ಚು ಹೊತ್ತು ಕೇಳುವುದೂ ಇಲ್ಲ.

ನಿಮ್ಮ ಆವರಣಕ್ಕೆ ಒಂದು ಸುಲಭ ದಾರಿ ಇದೆ. ಪ್ರಾರ್ಥನೆ, ರಾಷ್ಟ್ರಗೀತೆ ಎಂದಿನಂತೆ ಧ್ವಜಕಟ್ಟೆಯ ಕಡೆಗೇ ಆಗಲಿ. ಅದು ಮುಗಿದ ಕೂಡಲೇ ದೈಹಿಕ ಶಿಕ್ಷಕರು 'ದಹಿನೇ ಮುಡ್' ಹೇಳಲಿ. ಪೂರ್ವಕ್ಕಿದ್ದ ಮುಖ ದಕ್ಷಿಣಕ್ಕೆ ತಿರುಗುತ್ತದೆ, ಬಿಸಿಲು ಎಡಗೆನ್ನೆಗೆ ಹೋಗುತ್ತದೆ. ಒಂದನೇ ತರಗತಿ ದಕ್ಷಿಣದ ತುದಿಗೆ ಇರುವುದರಿಂದ ಈಗ ಅದೇ ಮುಂದಿನ ಸಾಲು, ಹತ್ತನೇ ತರಗತಿ ಕೊನೆಯ ಸಾಲು. ಯಾರನ್ನೂ ಎಬ್ಬಿಸಿ ಓಡಾಡಿಸದೆ ಎತ್ತರದ ಪ್ರಕಾರ ಕೂಡಿಸಿದಂತಾಯಿತು. 'ಪೀಛೇ ಮುಡ್' ಹೇಳಿದರೆ ಪ್ರತಿ ಸಾಲಿನ ಗಿಡ್ಡ ಮಕ್ಕಳು ಹಿಂದಾಗುತ್ತಾರೆ, ಅದು ಬೇಡ.

ತಿರುಗಿದ ಮೇಲೆ ಎರಡು ಹೆಜ್ಜೆ ಮುಂದೆ ಜರುಗಿಸಿ ಕೂಡಿಸಿಬಿಡಿ. 20 ಸಾಲು ಮೂರು ಮೂರು ಅಡಿ ಅಂತರದಲ್ಲಿ ನಿಂತಾಗ ಆಳ 60 ಅಡಿ. ಕೂತು ಒತ್ತಾದರೆ 30ರಿಂದ 35 ಅಡಿಗೆ ಇಳಿಯುತ್ತದೆ. ನಿಮಗೂ ಹತ್ತನೇ ತರಗತಿಗೂ ನಡುವಿನ ದೂರ ಅರ್ಧ ಆದರೆ ಮೈಕಿನ ಅರ್ಧ ಕೆಲಸ ತಾನಾಗಿಯೇ ಆಗುತ್ತದೆ. ಮಳೆ ಬಂದು ನೆಲ ಹಸಿಯಾಗಿದ್ದರೆ ಕೂಡಿಸಲಾಗದು. ಅಂದು ಮಾತನ್ನು ಮೂರು ನಿಮಿಷಕ್ಕೆ ಇಳಿಸಿ, ಇಲ್ಲವೇ ಮುಂದಿನ ವಾರಕ್ಕೆ ಬಿಡಿ.

ಇನ್ನು ಮೈಕ್. ಅದು ಕೂಗುವುದಕ್ಕೆ ಕಾರಣ ಒಂದೇ: ಸ್ಪೀಕರಿನಿಂದ ಹೊರಟ ಸದ್ದು ಮತ್ತೆ ಮೈಕಿನೊಳಗೆ ಹೋಗಿ ದೊಡ್ಡದಾಗಿ ಹೊರಬರುತ್ತದೆ, ಮತ್ತೆ ಒಳಗೆ ಹೋಗುತ್ತದೆ, ಈ ಸುತ್ತು ನಿಲ್ಲುವುದಿಲ್ಲ. ಬಾಕ್ಸನ್ನು ಮಾತಾಡುವವರ ಹಿಂದೆ ಇಟ್ಟಿದ್ದರೆ ಇದು ಆಗೇ ಆಗುತ್ತದೆ. ಬಾಕ್ಸ್ ನಿಮಗಿಂತ ಆರೆಂಟು ಅಡಿ ಮುಂದೆ, ಒಂದು ಬದಿಗೆ, ಬಾಯಿ ಮಕ್ಕಳ ಕಡೆಗೆ ಇರಲಿ. ನೆಲದ ಮೇಲೆ ಇಡಬೇಡಿ, ಮುಂದಿನ ಸಾಲಿನ ಮಕ್ಕಳ ಮೈಗೇ ಸದ್ದು ಬಡಿದು ಅಲ್ಲಿಗೇ ನಿಲ್ಲುತ್ತದೆ. ಒಂದು ಟೇಬಲ್ ಮೇಲಿಟ್ಟರೆ ತಲೆಗಳ ಮೇಲಿಂದ ಹಿಂದಿನವರಿಗೆ ತಲುಪುತ್ತದೆ. ಎಕೋ ಗುಂಡಿ ಪೂರ್ತಿ ಸೊನ್ನೆಗೆ ತನ್ನಿ. ಹಾಡಿಗೆ ಅದು ಚೆಂದ, ಮಾತಿಗೆ ವಿಷ. ಬಾಸ್ ಅರ್ಧಕ್ಕಿಂತ ಕಡಿಮೆ, ಟ್ರೆಬಲ್ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮಕ್ಕಳು ಬರುವ ಮೊದಲೇ ವಾಲ್ಯೂಮ್ ಏರಿಸುತ್ತಾ ಹೋಗಿ, ಕೂಗು ಶುರುವಾಗುವ ಜಾಗದಿಂದ ಸ್ವಲ್ಪ ಹಿಂದಕ್ಕೆ ತಂದು ಅಲ್ಲಿ ಪೆನ್ನಿನಿಂದ ಗುರುತು ಹಾಕಿ. ಮೈಕಿನ ಜಾಲರಿ ತಲೆಯನ್ನು ಮುಷ್ಟಿಯಲ್ಲಿ ಹಿಡಿದರೂ ಕೂಗುತ್ತದೆ. ಹಿಡಿಯಬೇಕಾದ್ದು ನಡುವೆ. ಬಾಯಿಂದ ನಾಲ್ಕು ಬೆರಳು ದೂರ, ಸ್ವಲ್ಪ ಓರೆ. ನೇರ ಹಿಡಿದರೆ ಪ, ಬ, ಭ ಬಂದಾಗಲೆಲ್ಲ ಧಡ್ ಎನ್ನುತ್ತದೆ. ಕಾರ್ಡ್‌ಲೆಸ್ ಮೈಕ್ ನಡುನಡುವೆ ಕಡಿದು ಹೋದರೆ ಮೊದಲು ಸೆಲ್ ಬದಲಿಸಿ ನೋಡಿ.

ಮಾತಿನ ಹೊತ್ತಿಗೆ ಭೋಂಗಾ ಬಂದ್ ಇರಲಿ. ಕಂಬದ ಮೇಲಿನ ಸದ್ದು, ಬಾಕ್ಸಿನ ಸದ್ದು ಬೇರೆ ಬೇರೆ ದೂರದಿಂದ ಬಂದು ಒಂದೇ ಪದ ಎರಡು ಸಲ ಕಿವಿಗೆ ಬೀಳುತ್ತದೆ. ಗೋಡೆಯದೂ ಅದೇ ಕತೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಎದುರಿನ ಗೋಡೆ 30 ಮೀಟರ್ ದೂರ ಇದ್ದರೆ ಹೋಗಿ ಬರಲು 60 ಮೀಟರ್, ಅಂದರೆ 0.18 ಸೆಕೆಂಡು. ನೀವು ಮುಂದಿನ ಪದಕ್ಕೆ ಹೋಗುವಷ್ಟರಲ್ಲಿ ಹಿಂದಿನ ಪದ ವಾಪಸ್ ಬಂದು ಅದರ ಮೇಲೆ ಕೂರುತ್ತದೆ. ಈಗ ದಕ್ಷಿಣದಲ್ಲಿ ನಿಂತು ಉತ್ತರದ ಬಯಲಿನ ಕಡೆ ಮಾತಾಡಿದರೆ ಆ ಗೋಡೆಯ ಕಾಟವೂ ತಪ್ಪುತ್ತದೆ.

ಕೊನೆಯದಾಗಿ ನಮ್ಮ ಭಾಷೆಯ ಒಂದು ಗುಣ ನೆನಪಿಡಬೇಕು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಗೆ ಬರುತ್ತದೆ, ಹೌದು-ಅಲ್ಲವೂ ಅಲ್ಲೇ ತೀರ್ಮಾನ ಆಗುತ್ತದೆ. 'ಈ ನೀರು ಕುಡಿಯಬೇಕು', 'ಈ ನೀರು ಕುಡಿಯಬಾರದು': ಇವುಗಳ ವ್ಯತ್ಯಾಸ ಪೂರಾ ಕೊನೆಯ ಎರಡು ಮೂರು ಅಕ್ಷರದಲ್ಲಿದೆ. ಉಸಿರು ಸಾಲದೆ ದನಿ ಇಳಿಯುವುದೂ ಸರಿಯಾಗಿ ಅಲ್ಲೇ. ವಾಕ್ಯ ಏಳೆಂಟು ಪದಕ್ಕೆ ಮುಗಿಯಲಿ, ತುದಿಯವರೆಗೂ ದನಿ ಒಂದೇ ಎತ್ತರದಲ್ಲಿರಲಿ, ಮುಗಿದ ಮೇಲೆ ಒಂದು ಉಸಿರು ತೆಗೆದುಕೊಳ್ಳಿ. ನಿಮಿಷಕ್ಕೆ 80ರಿಂದ 90 ಪದ ಸಾಕು. ತರಗತಿಯೊಳಗೆ ಮಾತಾಡುವ ವೇಗ ಬಯಲಿಗೆ ಹೆಚ್ಚಾಗುತ್ತದೆ.

ವಾಡಿ ಜಂಕ್ಷನ್

ಹೊತ್ತಿನ ಲೆಕ್ಕ ನಾನು ಹೇಳುತ್ತೇನೆ. ನಾಡಗೀತೆ ಎರಡೂವರೆ ನಿಮಿಷ, ರಾಷ್ಟ್ರಗೀತೆ 52 ಸೆಕೆಂಡು, ಪೀಠಿಕೆ ಸಾವಕಾಶವಾಗಿ ಓದಿಸಿದರೆ ಒಂದೂವರೆ ನಿಮಿಷದ ಆಸುಪಾಸು. ಸುದ್ದಿ, ನುಡಿಮುತ್ತು, ಸಾಲು ಸರಿಪಡಿಸುವುದು ಎಲ್ಲ ಸೇರಿ ಮಕ್ಕಳು ನಿಮ್ಮ ಮಾತಿಗಿಂತ ಮೊದಲೇ ಹತ್ತು ಹನ್ನೆರಡು ನಿಮಿಷ ನಿಂತಿರುತ್ತಾರೆ. ಅದರ ಮೇಲೆ ಏಳು ನಿಮಿಷ, ತೀರಾ ಒಳ್ಳೆಯ ವಸ್ತು ಕೈಯಲ್ಲಿದ್ದರೆ ಎಂಟು. ಹತ್ತು ಬೇಡವೇ ಬೇಡ.

ಒಂದನೇ ತರಗತಿಗೂ ಹತ್ತನೆಯದಕ್ಕೂ ಒಂದೇ ಮಾತು ಹೇಗೆ ಎಂದು ಕೇಳಿದ್ದೀರಿ. ಕಣ್ಣಿಗೆ ಕಾಣುವುದು ಎಲ್ಲರಿಗೂ ಒಂದೇ ಇರಲಿ, ಅದರ ಅರ್ಥ ಮಾತ್ರ ವಯಸ್ಸಿಗೆ ತಕ್ಕಂತೆ ಆಳಕ್ಕೆ ಹೋಗಲಿ. ಚಿತ್ತಾಪುರ ತಾಲೂಕಿನಲ್ಲಿ ಇದ್ದೀರಿ, ಅಶೋಕನ ಶಾಸನ ಸಿಕ್ಕ ಸನ್ನತಿ ನಿಮ್ಮ ಪಕ್ಕದಲ್ಲಿದೆ. ಆ ವಿಷಯವನ್ನೇ ಹಿಡಿದು ಒಂದು ಇಡೀ ಮಾತನ್ನು ಬಿಡಿಸಿ ಬರೆಯುತ್ತೇನೆ, ಹಾಗೇ ಬಳಸಿಕೊಳ್ಳಿ.

ಬೇಕಾದದ್ದು: ಕವಾಯತಿಗೆ ಬಳಸುವ ನಾಲ್ಕೈದು ಅಡಿ ಉದ್ದದ ಆರು ಬಿದಿರು ಕೋಲು, ಅವಕ್ಕೆ ಸುತ್ತಲು ಬಿಳಿ ಕಾಗದ, ಎಂಟನೇ ತರಗತಿಯ ಮೂರು ಮಕ್ಕಳು. ಕೋಲಾಟದ ಕೋಲು ಸಾಲದು, ಹಿಂದಿನವರಿಗೆ ಕಾಣುವುದಿಲ್ಲ. ಚಾರ್ಟ್ ಬರೆದು ತೋರಿಸುತ್ತೇನೆ ಎನ್ನುವವರಿಗೂ ಒಂದು ಅಳತೆ ಇದೆ: ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ. ಅರವತ್ತು ಅಡಿ ದೂರದವನಿಗೆ ಆರು ಇಂಚಿನ ಅಕ್ಷರ ಬೇಕು. ಒಂದು ಡ್ರಾಯಿಂಗ್ ಹಾಳೆಗೆ ನಾಲ್ಕೈದು ಅಕ್ಷರ ಹಿಡಿದರೆ ಹೆಚ್ಚು. ಪ್ಯಾರಾ ಬರೆದ ಚಾರ್ಟು ಸಭೆಯಲ್ಲಿ ಯಾರ ಉಪಯೋಗಕ್ಕೂ ಬರುವುದಿಲ್ಲ.

ನಮಸ್ಕಾರ, ಪ್ರಸ್ತಾವನೆ ಏನೂ ಬೇಡ. ಎರಡು ಕೋಲು ಎತ್ತಿ ಅಡ್ಡ-ಉದ್ದ ಹಿಡಿಸಿ, ಕೂಡಿಸುವ ಚಿಹ್ನೆಯಂತೆ. 'ಇದೇನು?' ಎಂದು ಕೇಳಿ ಸುಮ್ಮನಾಗಿ. ಸಣ್ಣವರು 'ಪ್ಲಸ್' ಎಂದು ಕೂಗುತ್ತಾರೆ, ಕೂಗಲಿ. ನಂತರ ಹೇಳಿ: 'ಎರಡು ಸಾವಿರದ ಇನ್ನೂರು ವರ್ಷದ ಹಿಂದೆ ನಮ್ಮ ಭೀಮಾ ದಂಡೆಯಲ್ಲಿ ಇದನ್ನು ಯಾರಾದರೂ ನೋಡಿದ್ದರೆ ಕ ಎಂದು ಓದುತ್ತಿದ್ದರು.' ಅಶೋಕನ ಕಾಲದ ಬ್ರಾಹ್ಮಿ ಲಿಪಿಯಲ್ಲಿ ಕ ಎಂಬ ಅಕ್ಷರ ಹಾಗೇ ಇದೆ. ಎರಡು ಕೋಲಿನ ತುದಿ ಮೇಲೆ ಕೂಡಿಸಿ ಕೆಳಗೆ ಅಗಲಿಸಿದರೆ, ಗುಡಿಸಲಿನ ಮಾಡಿನ ಆಕಾರಕ್ಕೆ ಬಂದರೆ, ಅದು ಗ. ಒಂದೇ ಕೋಲು ನೆಟ್ಟಗೆ ನಿಂತರೆ ರ. ನೆಟ್ಟಗಿನ ಕೋಲಿನ ಬುಡಕ್ಕೆ ಒಂದು ಅಡ್ಡ ಕೋಲು ಸೇರಿದರೆ ನ. ನಾಲ್ಕೇ ಅಕ್ಷರ, ಒಂದೊಂದಕ್ಕೂ 20 ಸೆಕೆಂಡು. ಮಗು ಕೋಲು ಹಿಡಿದ ಕೂಡಲೇ ಇಡೀ ಸಭೆ ಅಕ್ಷರವನ್ನು ಒಮ್ಮೆ ಕೂಗಿ ಹೇಳಲಿ.

ಈಗ ಮೂರು ಮಕ್ಕಳು ಒಟ್ಟಿಗೆ ನ, ಗ, ರ ಹಿಡಿದು ನಿಲ್ಲಲಿ. ಐದು ಕೋಲು ಸಾಕು. 'ಓದಿ' ಎನ್ನಿ. ಮೂರನೇ ತರಗತಿಯ ಮಗು 'ನಗರ' ಎಂದು ಓದಿದ ಕ್ಷಣದಲ್ಲಿ ಆ ಲಿಪಿ ಅವರದಾಗುತ್ತದೆ. ಆಮೇಲೆ ಸನ್ನತಿಗೆ ಬನ್ನಿ: 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಪೀಠವಾಗಿ ಕೂತಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಮೂರ್ತಿ ಕೂರಿಸಲು ನಡುವೆ ತೂತು ಕೊರೆದಿದ್ದರಿಂದ ಕೆಲವು ಸಾಲು ಹೋಗಿವೆ. ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ಒಬ್ಬ ರಾಜನ ಶಿಲ್ಪ ಸಿಕ್ಕಿತು, ಅದರ ಮೇಲೆ ಬ್ರಾಹ್ಮಿಯಲ್ಲೇ ಅಶೋಕನ ಹೆಸರಿದೆ. ಇಷ್ಟೇ ಎರಡು ನಿಮಿಷ. ಹುಟ್ಟಿದ ವರ್ಷ, ಆಳಿದ ವರ್ಷ, ಕಳಿಂಗ ಯುದ್ಧ ಎಲ್ಲ ತರಗತಿಯಲ್ಲಿ ಇರುತ್ತವೆ, ಇಲ್ಲಿ ಬೇಡ. ಮುಗಿಸುವಾಗ ಮತ್ತೆ ಮೂರು ಮಕ್ಕಳು ಆರೂ ಕೋಲಿನಲ್ಲಿ ಕ, ನ, ಕ ಹಿಡಿಯಲಿ. ಉತ್ತರ ನೀವು ಹೇಳಬೇಡಿ. ಓದಿಕೊಂಡೇ ತರಗತಿಗೆ ಹೋಗಲಿ.

ತಪ್ಪುವುದು ಎಲ್ಲಿ ಎಂದರೆ, ಕೋಲು ಹಿಡಿದ ಮಕ್ಕಳು ತಮ್ಮ ಎಡದಿಂದ ಬಲಕ್ಕೆ ನಿಲ್ಲುತ್ತಾರೆ. ಎದುರಿಗೆ ಕೂತವರಿಗೆ ಅದು 'ರಗನ' ಆಗುತ್ತದೆ. ನ ಹಿಡಿದವನು ತನ್ನ ಬಲತುದಿಗೆ ನಿಲ್ಲಬೇಕು. ಹಿಂದಿನ ದಿನ ಸಂಜೆ ಒಬ್ಬರನ್ನು ಬಯಲಿನ ಆ ಕೊನೆಗೆ ನಿಲ್ಲಿಸಿ ಓದಿಸಿ ನೋಡಿ. ಇನ್ನೊಂದು, ನ ಬರೆಯುವಾಗ ಅಡ್ಡ ಕೋಲು ಮಗುವಿನ ಮೊಣಕಾಲಿನ ಮಟ್ಟಕ್ಕೆ ಇಳಿದರೆ ಮುಂದೆ ಕೂತವರ ತಲೆ ಅಡ್ಡ ಬರುತ್ತದೆ. ಹೊಟ್ಟೆಯ ಮಟ್ಟಕ್ಕೆ ಎತ್ತಿ ಹಿಡಿಯಲಿ. ನಡುವಿಗೆ ರಬ್ಬರ್ ಬ್ಯಾಂಡ್ ಸುತ್ತಿದರೆ ಕ ಜಾರುವುದಿಲ್ಲ.

ಭೀಮಾತೀರದ ಟೀಚರ್

ವಾಡಿ ಸರ್, ಬೀದರ್ ಸರ್, ಭಾಳ ಉಪಕಾರ ಆಯ್ತು. ದಹಿನೇ ಮುಡ್ ವಿಚಾರ ನಾಳೆಯೇ ಮುಖ್ಯಗುರುಗಳ ಮುಂದೆ ಇಡುತ್ತೇನೆ. ವಿಜ್ಞಾನದ ಅಕ್ಕೋರು ಕೇಳುತ್ತಿದ್ದಾರೆ: ಅವರ ವಸ್ತುಗಳೆಲ್ಲ ಸಣ್ಣವು, ಅಷ್ಟು ದೂರದವರಿಗೆ ತೋರಿಸುವುದು ಹೇಗೆ?

ಆಳಂದ ರಸ್ತೆ

ಸಣ್ಣ ವಸ್ತು ಇದ್ರ ತೋರಿಸಬ್ಯಾಡ್ರಿ, ಕೈಗೆ ಕೊಡ್ರಿ. ಆದ್ರ ಕೊಡೋದಕ್ಕೂ ಒಂದು ಪದ್ಧತಿ ಅದ. ತೊಗರಿ ಬೇರು ತಗೊಂಡು ಹೇಳ್ತೀನಿ ನೋಡ್ರಿ. ಕಲಬುರಗಿ ತೊಗರಿಗೆ 2019ರಾಗ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕದ, ಎಲ್ಲಾ ಮಕ್ಕಳ ಮನಿ ಹೊಲದಾಗ ಅದ, ಆದ್ರ ಬೇರು ಕಿತ್ತು ನೋಡಿದವರು ಕಡಿಮಿ.

ಜೂನ್ ಕೊನೀಗೆ ಬಿತ್ತಿದ್ರ ಆಗಸ್ಟ್ ನಡುವಿನ ಹೊತ್ತಿಗೆ ಗಿಡಕ್ಕ 40-50 ದಿನ ಆಗ್ತದ. ಆ ಟೈಮಿನಾಗ ಬೇರಿನ ಮ್ಯಾಗ ಗಂಟು ಛಂದ ಕಾಣ್ತಾವ. ತರಗತಿಗೊಂದರಂಗ ಹತ್ತು ಗಿಡ ಬೇಕು. ಕೈಲೆ ಜಗ್ಗಿ ಕೀಳಬ್ಯಾಡ್ರಿ, ನಮ್ ಎರಿ ಮಣ್ಣು ಬಿಗಿ ಇರ್ತದ, ಗಂಟೆಲ್ಲ ಮಣ್ಣಿನಾಗೇ ಕಳಚಿ ಉಳೀತಾವ, ಕೈಗೆ ಬರೀ ಬೋಳು ಬೇರು ಬರ್ತದ. ಗಿಡದ ಸುತ್ತ ಒಂದು ಗೇಣು ಬಿಟ್ಟು ಸಲಿಕಿಲೆ ಅಗೆದು ಮಣ್ಣಿನ ಹೆಂಟಿ ಸಮೇತ ಎತ್ರಿ. ಬಕೆಟ್ ನೀರಿನಾಗ ಅರ್ಧ ತಾಸು ಇಡ್ರಿ, ಮಣ್ಣು ತಾನೇ ಬಿಡ್ತದ. ತಿಕ್ಕಬ್ಯಾಡ್ರಿ. ಹಸಿ ಅರಿಬಿ ಸುತ್ತಿ ನೆರಳಿನಾಗ ಇಟ್ರ ಮರುದಿನ ಬೆಳಿಗ್ಗಿ ತನಕ ನಡೀತದ.

ಸಭಾದಾಗ ಒಂದೇ ಗಿಡ ಮುಂದಿನವರಿಗೆ ಕೊಟ್ಟು 'ಹಿಂದಕ್ಕ ದಾಟಿಸ್ರಿ' ಅಂದ್ರ ಮಾತು ಕೆಟ್ಟಂಗೇ. ಗಿಡ ಯಾರ ಕೈಯಾಗ ಅದನೋ ಅವರ ಸುತ್ತ ಎಂಟು ಮಂದಿ ಅದನ್ನೇ ನೋಡ್ತಾರ, ನಿಮ್ಮ ಮಾತು ಕೇಳಂಗಿಲ್ಲ, ಕೊನೀ ಸಾಲಿಗೆ ಮುಟ್ಟೋದರಾಗ ಗಂಟಿ ಹೊಡೀತದ. ಅದಕ್ಕ ಹತ್ತೂ ಗಿಡ ಒಮ್ಮೆಲೆ ಹತ್ತು ಮಾನಿಟರ್ ಕೈಯಾಗ ಕೊಟ್ಟು ಸಾಲಿನ ಗುಂಟ ನಡೀಲಿಕ್ಕೆ ಹೇಳ್ರಿ. ಒಂದು ನಿಮಿಷ ನೀವು ಬಾಯಿ ಬಿಚ್ಚಬ್ಯಾಡ್ರಿ. ಮಕ್ಕಳು ಗುಲ್ಲು ಮಾಡ್ತಾರ, ಮಾಡ್ಲಿ, ಆ ಗುಲ್ಲು ಆ ಗಿಡದ್ದೇ. ಆಮ್ಯಾಲೆ ಗಿಡ ವಾಪಸ್ ತಗೊಂಡು ಮಾತು ಶುರು ಮಾಡ್ರಿ.

ಮಾತಾಡೋದು ಏನಂದ್ರ: ಆ ಗಂಟಿನಾಗ ರೈಜೋಬಿಯಂ ಅನ್ನೋ ಬ್ಯಾಕ್ಟೀರಿಯಾ ಇರ್ತಾವ. ಗಾಳಿಯಾಗ 78 ಭಾಗ ಸಾರಜನಕನೇ ಅದ, ಆದ್ರ ಗಿಡಕ್ಕ ಅದನ್ನ ಸೀದಾ ತಗೊಳ್ಳಿಕ್ಕೆ ಬರಂಗಿಲ್ಲ. ಈ ಬ್ಯಾಕ್ಟೀರಿಯಾ ಹಿಡಿದು ಕೊಡ್ತಾವ, ಬದಲಿಗೆ ಗಿಡ ಅವಕ್ಕ ಸಕ್ಕರಿ ಕೊಡ್ತದ. ಒಂದು ಗಂಟು ಉಗುರಿಲೆ ಸೀಳಿದ್ರ ಒಳಗ ಗುಲಾಬಿ ಕೆಂಪು ಬಣ್ಣ ಇದ್ರ ಅದು ಕೆಲಸ ಮಾಡ್ಲಿಕತ್ತದ ಅಂತ. ಹಸಿರು ಇಲ್ಲಾ ಕಂದು ಇದ್ರ ಅದರ ಕೆಲಸ ಮುಗಿದದ. ಕೆಂಪು ಬರೋದು ಲೆಗ್‌ಹಿಮೋಗ್ಲೋಬಿನ್‌ನಿಂದ, ನಮ್ಮ ರಕ್ತದಾಗಿನ ಹಿಮೋಗ್ಲೋಬಿನ್ ಜಾತಿದೇ, ಅದರಾಗೂ ಕಬ್ಬಿಣ ಅದ. ಸಣ್ಣವರಿಗೆ 'ಬೇರಿನಾಗ ಕೆಂಪು' ಅನ್ನೋದೇ ಸಾಕು, ಹತ್ತನೇದವರಿಗೆ ಆ ಹೆಸರು ಬೇಕು. ವಾಡಿ ಸರ್ ಹೇಳಿದ್ದು ಇದೇ.

ಪ್ರಶ್ನೆ ಕೇಳೋದರ ಬಗ್ಗೆ ಒಂದು ಮಾತು. 'ತೊಗರಿ ಒಳ್ಳೇದಲ್ಲೇನು ಮಕ್ಕಳೇ?' ಅಂದ್ರ 340 ಮಂದಿ 'ಹೌದ್ರೀ ಸರ್' ಅಂತಾರ, ಯಾರೂ ವಿಚಾರ ಮಾಡಿರಂಗಿಲ್ಲ. ಅದರ ಬದಲಿ, 'ಈ ಗಂಟು ರೋಗ ಅಂತೀರೋ, ಲಾಭ ಅಂತೀರೋ? ರೋಗ ಅನ್ನೋರು ಕೈ ಎತ್ರಿ. ಈಗ ಲಾಭ ಅನ್ನೋರು.' ಕೈ ಎತ್ತಿದ ಮಗು ತನ್ನ ಉತ್ತರ ಖರೆ ಆಗ್ತದೇನು ಅಂತ ಕೊನೀ ತನಕ ಕಾಯ್ತದ. ಕೇಳಿದ ಮ್ಯಾಲ ಐದು ಎಣಿಸ್ರಿ, ಮನಸಿನಾಗ. ನಮಗ ಆ ಐದು ಸೆಕೆಂಡು ಭಾಳ ದೊಡ್ಡದು ಅನಿಸ್ತದ, ಮಕ್ಕಳಿಗೆ ಬೇಕಾಗ್ತದ. ತಪ್ಪು ಉತ್ತರ ಕೊಟ್ಟ ಮಗೂನ ಎಲ್ಲಾರ ಮುಂದ ನಿಲ್ಲಿಸಿ ತಿದ್ದಬ್ಯಾಡ್ರಿ. ಮುಂದಿನ ಗುರುವಾರ ಒಬ್ಬರ ಕೈನೂ ಏಳಂಗಿಲ್ಲ.

ಮತ್ತ, 'ಆದ್ದರಿಂದ ಮಕ್ಕಳೇ' ಅಂತ ಬುದ್ಧಿಮಾತು ಹೇಳಿ ಮುಗಿಸಬ್ಯಾಡ್ರಿ. ಕೆಲಸ ಕೊಟ್ಟು ಮುಗಿಸ್ರಿ: 'ನಿಮ್ಮ ಹೊಲದಾಗ ಕಡ್ಲಿ, ಹೆಸರು, ಶೇಂಗಾ, ಜೋಳ ಯಾವುದರ ಬೇರಿಗೆ ಗಂಟು ಅದ ನೋಡಿ ಬರ್ರಿ.' ಜೋಳಕ್ಕ ಸಿಗಂಗಿಲ್ಲ. ಯಾಕ ಅಂತ ಅವರೇ ಬಂದು ಕೇಳ್ತಾರ.

ಸುರಪುರ ಶಿಕ್ಷಕಿ

ಯಾರೂ ಹೇಳದ ಎರಡು ವಿಷಯ ಇವೆ. ಮೊದಲನೆಯದು, ಸಮವಸ್ತ್ರ, ತಡವಾಗಿ ಬರುವುದು, ಶೌಚಾಲಯದ ಬಾಗಿಲು, ಉಗುರು: ಈ ಬೈಗುಳದ ಪಟ್ಟಿಯನ್ನು ಮಾತಿನ ಮೊದಲೂ ಹೇಳಬಾರದು, ಹಿಂದೆಯೂ ಹೇಳಬಾರದು. ಗದರಿಕೆ ಕೇಳಿದ ಮಗು 'ಇನ್ನು ನನ್ನ ಹೆಸರು ಬರುತ್ತದಾ' ಎಂದು ಕಾಯುತ್ತಾ ನಿಂತಿರುತ್ತದೆ. ಅದರ ಕಿವಿಗೆ ಅಶೋಕನೂ ಬೀಳುವುದಿಲ್ಲ, ತೊಗರಿಯೂ ಬೀಳುವುದಿಲ್ಲ. ಅಂಥ ಸೂಚನೆಗಳನ್ನು ವರ್ಗಶಿಕ್ಷಕರು ಹಾಜರಿಯ ಹೊತ್ತಿಗೆ ಹೇಳಲಿ. ಗುರುವಾರ ಒಂದು ದಿನವಾದರೂ ಈ ನಿಯಮ ಬಿಗಿಯಾಗಿರಲಿ, ಮುಖ್ಯಗುರುಗಳೂ ಪಾಲಿಸಲಿ.

ಎರಡನೆಯದು ಭಾಷೆ. ತಾಂಡಾದಿಂದ ಬರುವ ಒಂದು-ಎರಡನೇ ತರಗತಿಯ ಮಗುವಿಗೆ ಪುಸ್ತಕದ ಕನ್ನಡ ಇನ್ನೂ ಹೊಸದು. ಇಡೀ ಮಾತನ್ನು ನಾಲ್ಕು ಭಾಷೆಗೆ ತಿರುಗಿಸಲು ಹೋದರೆ ಏಳು ನಿಮಿಷ ಇಪ್ಪತ್ತೆಂಟಾಗುತ್ತದೆ. ಮಾತಿನ ಜೀವಾಳವಾದ ಒಂದೇ ವಾಕ್ಯ ಆರಿಸಿ. ಅದನ್ನು ಲಂಬಾಣಿ, ಉರ್ದು, ತೆಲುಗು ಮನೆಮಾತಿನ ಒಬ್ಬೊಬ್ಬ ಮಗು ತನ್ನ ಮಾತಿನಲ್ಲಿ ಮೈಕಿನಲ್ಲಿ ಹೇಳಲಿ, ತಲಾ ಹತ್ತು ಸೆಕೆಂಡು. ಹಿಂದಿನ ದಿನವೇ ವಾಕ್ಯ ಕೊಟ್ಟಿರಿ, ಮನೆಯಲ್ಲಿ ಅವ್ವನನ್ನು ಕೇಳಿಕೊಂಡು ಬರುತ್ತಾರೆ. ತನ್ನ ಮನೆಮಾತು ಶಾಲೆಯ ಮೈಕಿನಲ್ಲಿ ಕೇಳಿದ ಸಣ್ಣ ಮಗು ತಲೆ ಎತ್ತುತ್ತದೆ. ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ.

ಸೆಪ್ಟೆಂಬರ್ 17 ಹತ್ತಿರ ಬಂದಾಗ ಎಲ್ಲ ಶಾಲೆಗಳಲ್ಲೂ ಒಂದೇ ಭಾಷಣ ಕೇಳಿಸುತ್ತದೆ, ಹೆಸರು ಮತ್ತು ಇಸವಿಗಳ ಪಟ್ಟಿ. ಅದರ ಬದಲು ಒಂದು ಪ್ರಶ್ನೆಯಿಂದ ಶುರು ಮಾಡಿ: '1947ರ ಆಗಸ್ಟ್ 15ರಂದು ದಿಲ್ಲಿಯಲ್ಲಿ ತ್ರಿವರ್ಣ ಧ್ವಜ ಹಾರಿತು. ಅದೇ ದಿನ ನಮ್ಮೂರು ಯಾರ ಆಳ್ವಿಕೆಯಲ್ಲಿತ್ತು?' ಬಹಳ ಮಕ್ಕಳು ಇಂಗ್ಲಿಷರು ಎನ್ನುತ್ತಾರೆ. ಹೈದರಾಬಾದ್ ನಿಜಾಮರ ಸಂಸ್ಥಾನ ಎಂದು ಹೇಳಿ. ಆ ಸಂಸ್ಥಾನಕ್ಕೆ ತನ್ನದೇ ರೂಪಾಯಿ, ತನ್ನದೇ ಅಂಚೆ ಚೀಟಿ, ತನ್ನದೇ ರೈಲ್ವೆ ಇತ್ತು. ಹಳೆಯ ನಾಣ್ಯ ಯಾರ ಮನೆಯಲ್ಲಾದರೂ ಇದ್ದರೆ ಅದನ್ನು ಆಳಂದ ರಸ್ತೆಯವರು ಹೇಳಿದಂತೆ ಕೈಗೆ ಕೊಡಿ. ನಮ್ಮ ಭಾಗ ಹದಿಮೂರು ತಿಂಗಳು ಕಾಯಿತು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂತು, 17ಕ್ಕೆ ನಿಜಾಮರು ಶರಣಾದರು. 1956ರ ನವೆಂಬರ್ 1ಕ್ಕೆ ಬೀದರ್, ಕಲಬುರಗಿ, ರಾಯಚೂರು ಕನ್ನಡದ ರಾಜ್ಯಕ್ಕೆ ಸೇರಿದವು, ಯಾದಗಿರಿ ಆಗ ಕಲಬುರಗಿ ಜಿಲ್ಲೆಯೊಳಗೇ ಇತ್ತು. ನಿಜಾಮರ ಪರ ನಿಂತಿದ್ದ ಖಾಸಗಿ ಪಡೆ ರಜಾಕಾರರ ಹಿಂಸೆಯನ್ನು ಮುಚ್ಚಿಡಬೇಕಿಲ್ಲ, ಆದರೆ ಅದು ಒಂದು ಸಂಘಟನೆ ಮಾಡಿದ್ದು ಎಂದು ಸ್ಪಷ್ಟವಾಗಿ ಹೇಳಿ. ಸಾಲಿನಲ್ಲಿ ಕೂತ ಯಾವ ಮಗುವೂ ಪಕ್ಕದ ಮಗುವನ್ನು ತಿರುಗಿ ನೋಡುವಂತಾಗಬಾರದು. ಈ ಎಚ್ಚರ ಇಲ್ಲದವರಿಗೆ ಆ ದಿನದ ಪಾಳಿ ಕೊಡಬೇಡಿ.

ಮಕ್ಕಳಿಂದಲೇ ಮಾತಾಡಿಸುವುದಾದರೆ ತಿಂಗಳಿಗೊಂದು ಗುರುವಾರ ಅವರಿಗೆ ಬಿಡಿ, ಮೂರು ನಿಮಿಷ ಸಾಕು. ಪೂರ್ತಿ ಬರೆದು ಬಾಯಿಪಾಠ ಮಾಡಿಸಬೇಡಿ. ಒಂದು ಪದ ಮರೆತರೆ ಮುಂದಿನ ಎಲ್ಲವೂ ಹೋಗುತ್ತದೆ. ಪೋಸ್ಟ್‌ಕಾರ್ಡ್ ಅಳತೆಯ ರಟ್ಟಿನ ಮೇಲೆ ಐದು ಪದ ಮಾತ್ರ ದೊಡ್ಡದಾಗಿ ಬರೆಸಿ, ಒಂದೊಂದು ಪದಕ್ಕೆ ಎರಡು ಮೂರು ವಾಕ್ಯ ತನ್ನ ಮಾತಿನಲ್ಲಿ ಹೇಳಲಿ. ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಮಾತ್ರ ಗಟ್ಟಿ ಬಾಯಿಗೆ ಬಂದಿರಲಿ. ಹಾಳೆ ಕೊಟ್ಟರೆ ಕೈ ನಡುಗುವುದು ಎಲ್ಲರಿಗೂ ಕಾಣುತ್ತದೆ, ರಟ್ಟು ಅಲುಗುವುದಿಲ್ಲ. ಮೈಕ್ ಸ್ಟ್ಯಾಂಡ್ ದೊಡ್ಡವರ ಎತ್ತರಕ್ಕೆ ಬಿಗಿದಿದ್ದರೆ ಮಗು ಗಲ್ಲ ಎತ್ತಿ ಮಾತಾಡುತ್ತದೆ, ಗಂಟಲು ಬಿಗಿಯುತ್ತದೆ. ಮೊದಲೇ ಇಳಿಸಿಡಿ. ಅಭ್ಯಾಸ ಮೈಕ್ ಇಲ್ಲದೆ ಬಯಲಿನಲ್ಲಿ ಆಗಲಿ: ಗೆಳತಿ ಐವತ್ತು ಹೆಜ್ಜೆ ದೂರ ನಿಂತು, ಕೇಳದಿದ್ದಾಗ ಕೈ ಎತ್ತಲಿ. 'ಜೋರಾಗಿ' ಎಂದು ನಾವು ನೂರು ಸಲ ಹೇಳುವುದಕ್ಕಿಂತ ಆ ಎತ್ತಿದ ಕೈ ಹೆಚ್ಚು ಕಲಿಸುತ್ತದೆ.

ಭಾಲ್ಕಿ ಆರೋಗ್ಯ

ಬೇಸಿಗೆಗೆ ಸೇರಿಸಿಕೊಳ್ಳಬಹುದಾದ ಒಂದು ವಿಷಯ, ಓಆರ್‌ಎಸ್, ಅಂದರೆ ಮೈಯಲ್ಲಿ ನೀರು ಕಡಿಮೆಯಾದಾಗ ಕುಡಿಸುವ ಉಪ್ಪು-ಸಕ್ಕರೆ ನೀರು. ಮಾರ್ಚ್ ಮೊದಲ ಗುರುವಾರವೇ ಮಾಡಿ. ಒಂದು ಲೀಟರ್ ಬಾಟಲಿ, ಐದು ಮಿಲಿ ಚಮಚ, ಸಕ್ಕರೆ, ಉಪ್ಪು ಟೇಬಲ್ ಮೇಲಿರಲಿ. ಅಂಗಡಿಯ ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಪೂರ್ತಿ ಒಂದು ಲೀಟರಿಗೇ ಹಾಕಬೇಕು, ಒಂದು ಲೋಟಕ್ಕೆ ಹಾಕಿದರೆ ಉಪ್ಪಿನ ಪ್ರಮಾಣ ಹೆಚ್ಚಾಗಿ ಕೆಡುಕಾಗುತ್ತದೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ತಲೆಮಟ್ಟ ಇರಬೇಕು, ಗೋಪುರ ಆಗಬಾರದು. ಇದೇ ಎಲ್ಲರೂ ತಪ್ಪುವ ಜಾಗ. ಒಬ್ಬ ಹುಡುಗ ಹಾಕಲಿ, ಸಭೆ ಗಟ್ಟಿಯಾಗಿ ಎಣಿಸಲಿ. ರುಚಿ ನೋಡಿದವರು ಹೇಳಲಿ: ಕಣ್ಣೀರಿಗಿಂತ ಉಪ್ಪಾಗಿರಬಾರದು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು.

ಭೀಮಾತೀರದ ಟೀಚರ್

ಇದನ್ನು ಖಂಡಿತ ಮಾಡುತ್ತೇವೆ. ಎರಡು ಸಣ್ಣ ಪ್ರಶ್ನೆ ಉಳಿದಿವೆ. ನಿಂತಲ್ಲೇ ತಲೆ ಸುತ್ತಿ ಬೀಳುವ ಮಕ್ಕಳು ವಾರಕ್ಕೊಬ್ಬರಾದರೂ ಇರುತ್ತಾರೆ, ಮಾತಿನ ನಡುವೆ ಹೀಗಾದರೆ ಏನು ಮಾಡಬೇಕು? ಕರೆಂಟ್ ಹೋದರೆ?

ಭಾಲ್ಕಿ ಆರೋಗ್ಯ

ಅಲುಗಾಡದೆ ನಿಂತಾಗ ರಕ್ತ ಕಾಲಿನಲ್ಲೇ ನಿಲ್ಲುತ್ತದೆ, ತಲೆಗೆ ಕಡಿಮೆಯಾಗುತ್ತದೆ. ಬೆಳಿಗ್ಗೆ ಏನೂ ತಿನ್ನದೆ ಬಂದ ಮಗುವಿಗೆ ಬೇಗ ಆಗುತ್ತದೆ. ಮೊಣಕಾಲು ಬಿಗಿ ಹಿಡಿಯಬಾರದು, ಸಾವಧಾನದಲ್ಲೂ ಬೂಟಿನೊಳಗೆ ಕಾಲ್ಬೆರಳು ಆಡಿಸುತ್ತಿರಬೇಕು ಎಂದು ದೈಹಿಕ ಶಿಕ್ಷಕರು ಕಲಿಸಲಿ. ಬಿದ್ದರೆ ನೆರಳಿಗೆ ಒಯ್ದು ಅಂಗಾತ ಮಲಗಿಸಿ, ಕಾಲು ಒಂದು ಅಡಿ ಎತ್ತಿ ಹಿಡಿಯಿರಿ. ಎಬ್ಬಿಸಿ ಕೂಡಿಸಬೇಡಿ, ಪೂರ್ತಿ ಎಚ್ಚರ ಆಗುವವರೆಗೆ ಬಾಯಿಗೆ ನೀರು ಹಾಕಬೇಡಿ. ಒಂದೆರಡು ನಿಮಿಷದಲ್ಲಿ ಎಚ್ಚರ ಆಗದಿದ್ದರೆ, ಮೈ ಸುಡುತ್ತಿದ್ದರೆ, ಇಲ್ಲವೇ ಫಿಟ್ಸ್ ಬಂದರೆ 108ಕ್ಕೆ ಫೋನ್ ಮಾಡಿ. ಯಾರು ಎತ್ತಬೇಕು ಎಂದು ಇಬ್ಬರು ಶಿಕ್ಷಕರನ್ನು ಮೊದಲೇ ಗೊತ್ತು ಮಾಡಿಟ್ಟರೆ ಮಾತಾಡುವವರು ನಿಲ್ಲಿಸಬೇಕಿಲ್ಲ. ನಿಲ್ಲಿಸಿದರೆ 340 ಮಕ್ಕಳೂ ಎದ್ದು ಅತ್ತ ಓಡುತ್ತಾರೆ.

ಬೀದರ್ ಧ್ವನಿ

ಕರೆಂಟಿಗೆ: ಗಾಲಿ ಬಾಕ್ಸಿನೊಳಗೆ ಬ್ಯಾಟರಿ ಇದ್ದರೆ ಬುಧವಾರ ಸಂಜೆ ಚಾರ್ಜಿಗೆ ಹಾಕುವುದು ಒಬ್ಬರ ಹೆಸರಿಗೆ ಬರೆದಿಡಿ. ಅದೂ ಇಲ್ಲದಿದ್ದರೆ ಮೂರು ಕಡೆ ಕೂಡಿಸಿ, ಮಧ್ಯಕ್ಕೆ ನೀವು ಬನ್ನಿ. ಮುಂದಿನ ಸಾಲು ನಿಮ್ಮಿಂದ ಹತ್ತು ಅಡಿ, ಪ್ರತಿ ಕಡೆ ಏಳೆಂಟು ಸಾಲಿಗಿಂತ ಆಳ ಬೇಡ. ಬೆನ್ನು ಗೋಡೆಗೆ ಇರಲಿ, ಆ ದಿನ ಗೋಡೆ ನಿಮ್ಮ ದನಿಯನ್ನು ಮುಂದಕ್ಕೆ ತಳ್ಳುತ್ತದೆ. ಬೀಸುವ ಗಾಳಿಗೆ ಎದುರಾಗಿ ಮಾತಾಡಿದರೆ ದನಿ ಹಿಂದಕ್ಕೆ ಹೋಗುತ್ತದೆ, ಆದ್ದರಿಂದ ಸಾಧ್ಯವಾದರೆ ಗಾಳಿ ಬೆನ್ನಿಗಿರಲಿ. ನಾಲ್ಕು ನಿಮಿಷಕ್ಕೆ ಮುಗಿಸಿ.